20 ಗೆಲುವು, 134 ಸೋಲು

ಮಧ್ಯಾಹ್ನ ಊಟ ಮಾಡ್ತಾ ಫೋನಲ್ಲಿ 1899ರ ಅಮೆರಿಕದ ಬೇಸ್‌ಬಾಲ್ ಪಾಯಿಂಟ್ಸ್ ಟೇಬಲ್ ಕಣ್ಣಿಗೆ ಬಿತ್ತು. ಕಟ್ಟಕಡೇಲಿ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್. 20 ಗೆಲುವು, 134 ಸೋಲು!!

ಓನರ್‌ಗಳು ಸೇಂಟ್ ಲೂಯಿಸ್ ಟೀಮನ್ನೂ ಕೊಂಡ್ಕೊಂಡು, ಸೈ ಯಂಗ್ ಥರದ ಒಳ್ಳೊಳ್ಳೆ ಆಟಗಾರರನ್ನೆಲ್ಲ ಸೀಸನ್‌ಗೆ ಮುಂಚೆನೇ ಅಲ್ಲಿಗೆ ಸಾಗಿಸ್ಬಿಟ್ರು, ಇಲ್ಲಿ ಮೈದಾನಕ್ಕೆ ಜನ ಬರೋದೇ ನಿಂತೋಯ್ತು, ಆಮೇಲೆ ಹೆಚ್ಚುಕಮ್ಮಿ ಎಲ್ಲಾ ಮ್ಯಾಚೂ ಬೇರೆ ಊರಲ್ಲೇ.

ಕೊನೇ ಮ್ಯಾಚಿಗೆ ಪಿಚರ್ (ಬಾಲ್ ಎಸೆಯೋನು) ಯಾರು ಗೊತ್ತಾ? ಸಿನ್ಸಿನಾಟಿ ಹೋಟೆಲಲ್ಲಿ ಸಿಗಾರ್ ಮಾರ್ತಿದ್ದ ಹುಡುಗ! 19–3 ಸೋತ್ರು.

ಸೋತಿದ್ದಕ್ಕಿಂತ, ಸೋಲ್ತೀವಿ ಅಂತ ಗೊತ್ತಿದ್ದೂ ಮತ್ತೆ ಮತ್ತೆ ರೈಲು ಹತ್ತಿದ್ರಲ್ಲ, ಅದು ನೆನೆಸ್ಕೊಂಡ್ರೆ ಪಾಪ ಅನ್ಸುತ್ತೆ. ಮಾಲೀಕರ ಮೇಲಂತೂ ಸಿಟ್ಟೇ.

ಅಂದಹಾಗೆ ಇಷ್ಟೆಲ್ಲಾ ಮಾಡಿ ಸೇಂಟ್ ಲೂಯಿಸ್ ಬಂದಿದ್ದು ಐದನೇ ಸ್ಥಾನ 😂