ಕಾಯಿಲೆ ಜಾಸ್ತಿಯಾಗಿಲ್ಲ, ಹೆದರಿದಾರೆ ಅಷ್ಟೇ

ಪಿಟಿಎಸ್‌ಡಿ (ಭಯಂಕರ ಘಟನೆ ಆದ್ಮೇಲೂ ಅದರ ಹೆದರಿಕೆ ಮನಸ್ಸಲ್ಲೇ ಉಳಿದು ಕಾಡೋ ಕಾಯಿಲೆ) ಅಂದ್ರೆ ಯುದ್ಧಕ್ಕೆ ಹೋಗಿ ಬಂದ ಸೈನಿಕರಿಗೆ ಬರೋದು ಅಂತ ನಮ್ ಕಡೆ ತುಂಬಾ ಜನ ಅಂದ್ಕೊಂಡಿದಾರೆ, 1980ರಲ್ಲಿ ಅಮೆರಿಕದ ಮನೋವೈದ್ಯರು ಅದನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಕ್ಕೂ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದೋರ ಪಾಡೇ ದೊಡ್ಡ ಕಾರಣ ಬಿಡಿ. ಆದ್ರೆ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳ್ಸೋದು, ಇಲ್ಲದ ಅನುಮಾನ ಬರೋದು ಇಂಥ ಮನಸ್ಸಿನ ಕಾಯಿಲೆ) ಇರೋರಿಗೂ ಅದು ಇರಬಹುದು ಅಂತ ಯಾರೂ ಯೋಚ್ನೆನೇ ಮಾಡಲ್ಲ.

ನಮ್ ಚಿಕ್ಕಪ್ಪಂಗೆ ಸ್ಕಿಜೋಫ್ರೇನಿಯಾ. ಮಾತ್ರೆ ತಗೊಂಡು ಚೆನ್ನಾಗೇ ಇದಾರೆ, ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರ್ತಾರೆ, ಅಡಿಕೆ ಸುಲಿಯೋರ ಲೆಕ್ಕ ಎಲ್ಲ ಅವರೇ ಬರೆಯೋದು. ಆದ್ರೆ ಮನೆ ಮುಂದೆ ಓಮ್ನಿ ನಿಂತು ಅದರ ಸೈಡ್ ಡೋರ್ ಜರ್ ಅಂತ ಎಳೆದ ಸದ್ದಾದ್ರೆ ಸಾಕು, ಮೈಯೆಲ್ಲ ಬೆವೆತು ಹಿತ್ತಲಿಗೆ ಹೋಗಿ ಕೂತ್ಬಿಡ್ತಾರೆ, ಯಾಕಂದ್ರೆ ಮೊದಲ ಸಲ ಕಾಯಿಲೆ ಜೋರಾದಾಗ ಊರೋರೆಲ್ಲ ನೋಡ್ತಿದ್ದಂಗೆ ಕೈ ಕಟ್ಟಿ ಅಂಥದ್ದೇ ಗಾಡೀಲಿ ಹಾಕ್ಕೊಂಡು ಹೋಗಿದ್ರು. ಮನೇಲಿ ಮಾತ್ರ "ಮತ್ತೆ ಶುರುವಾಯ್ತು ನೋಡು, ಮಾತ್ರೆ ಜಾಸ್ತಿ ಮಾಡಿಸ್ಬೇಕು" ಅನ್ನೋರು. ಈಗ ನೋಡ್ತಿರೋ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದ್ರು, "ಗಾಡಿ ಬಂದಾಗ ಮಾತ್ರಾನಾ, ಬೇರೆ ಟೈಮಲ್ಲೂ ಹಿಂಗಾಗತ್ತಾ?" ಗಾಡಿ ಬಂದಾಗ ಮಾತ್ರ ಆದ್ರೆ ಅದು ಸ್ಕಿಜೋಫ್ರೇನಿಯಾ ಕೆರಳಿದ್ದಲ್ಲ, ಆವತ್ತಿನ ಹೆದರಿಕೆ ಇರಬಹುದು ಅಂತ.

ಆಘಾತಕ್ಕೂ ಸ್ಕಿಜೋಫ್ರೇನಿಯಾಕ್ಕೂ ನಂಟು ಇನ್ನೊಂದು ಕಡೆಯಿಂದಾನೂ ಇದೆ. ಚಿಕ್ಕ ವಯಸ್ಸಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಇಂಥದ್ದೆಲ್ಲ ಅನುಭವಿಸಿದೋರಲ್ಲಿ ಸೈಕೋಸಿಸ್ (ನಿಜ ಯಾವ್ದು, ಭ್ರಮೆ ಯಾವ್ದು ಅಂತ ಗೊತ್ತಾಗದ ಸ್ಥಿತಿ, ಸ್ಕಿಜೋಫ್ರೇನಿಯಾದಲ್ಲಿ ಹಿಂಗಾಗತ್ತೆ) ಬರೋ ಸಾಧ್ಯತೆ ಸುಮಾರು 2.8 ಪಟ್ಟು ಜಾಸ್ತಿ ಅಂತ 2012ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟಿಗೆ ನೋಡಿ ಲೆಕ್ಕ ಹಾಕಿದ್ರು. ಹಂಗಂತ ಅನುಭವಿಸಿದೋರಿಗೆಲ್ಲ ಬರಲ್ಲ, ವಂಶವಾಹಿನೂ ಇರತ್ತೆ, ಅದಕ್ಕೇ ದಯವಿಟ್ಟು ಇದನ್ನ ಹಿಡ್ಕೊಂಡು ಯಾರ್ದೋ ಅಪ್ಪ ಅಮ್ಮನ್ನ ಬೈಯೋಕೆ ಹೋಗ್ಬೇಡಿ.

ಕಟ್ಟಿ ಹಾಕೋದು ಅಂದ್ರೆ ನಂಗೆ ಯಾವಾಗ್ಲೂ ತಮಿಳುನಾಡಿನ ಏರ್ವಾಡಿ ನೆನಪಾಗತ್ತೆ. 2001ರ ಆಗಸ್ಟ್ 6ಕ್ಕೆ ಅಲ್ಲಿ ಮಾನಸಿಕ ರೋಗಿಗಳನ್ನ ಇಟ್ಕೊಂಡಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿಟ್ಟಿದ್ದ ರೋಗಿಗಳು ಓಡೋಕೂ ಆಗ್ದೆ ಸತ್ರು, ಒಟ್ಟು 28 ಜನ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿ ಹಾಕೋದನ್ನ ಪೂರ್ತಿ ನಿಷೇಧ ಮಾಡಿದಾರೆ, ಹಳ್ಳಿಗಳಲ್ಲಿ ಹಗ್ಗ ಇನ್ನೂ ಇದೆ.

ಸೈಕೋಸಿಸ್ ಇರೋರ ಹತ್ರ ಹಳೇ ಆಘಾತದ ಮಾತು ತೆಗೆದ್ರೆ ಕಾಯಿಲೆ ಕೆರಳತ್ತೆ ಅಂತ ಡಾಕ್ಟರುಗಳೇ ಹೆದರ್ತಿದ್ರು. 2015ರಲ್ಲಿ ನೆದರ್ಲೆಂಡ್ಸ್‌ನೋರು ಎರಡೂ ಕಾಯಿಲೆ ಇದ್ದ 155 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಹಳೇ ಆಘಾತದಿಂದ ಹೊರಗೆ ಬರೋಕೆ ಕೊಡೋ ಥೆರಪಿ ಸಿಕ್ಕಿದೋರಿಗೆ ಪಿಟಿಎಸ್‌ಡಿ ಕಡಿಮೆ ಆಯ್ತು, ಆ ಹೆದರಿಕೆ ನಿಜ ಆಗ್ಲಿಲ್ಲ.

ನಮ್ ಡಾಕ್ಟರಮ್ಮನೂ ಡೋಸ್ ಮುಟ್ಟಿಲ್ಲ, ಜೊತೆಗೆ ಥೆರಪಿಗೂ ಕಳ್ಸಿ ಅಂದಿದಾರೆ. ಅಷ್ಟು ದೂರ ಯಾರು ರಜಾ ಹಾಕಿ ಕರ್ಕೊಂಡು ಹೋಗೋದು ಅಂತ ಈಗ ಮನೇಲಿ ಜಗಳ, ಚಿಕ್ಕಪ್ಪ ನೋಡಿದ್ರೆ "ನಾನೇ ಬಸ್ಸಲ್ಲಿ ಹೋಗ್ಬರ್ತೀನಿ ಬಿಡ್ರೋ" ಅಂತಿದಾರೆ.