ಟ್ಯಾಪೆಟ್ ಟಕಟಕ ಅಂದರೆ
1938ರ ಲಿಂಕನ್ ಜೆಫಿರ್ ವಿ-12ನಂಥ ಹಳೇ ಎಂಜಿನ್‌ಗಳಲ್ಲಿ ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಒತ್ತಡದಿಂದ ಸಂದು ಬಿಡದೆ ವಾಲ್ವನ್ನು ಎತ್ತುವ ಭಾಗ) ಟಕಟಕ ಅಂದ ಕೂಡಲೇ ಬಿಚ್ಚಬೇಡಿ. ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡು ಸದ್ದು ಸಹಜ, ನಿಂತಲ್ಲೇ ಆಯಿಲ್ ಇಳಿದಿರುತ್ತದೆ. ಬಿಸಿಯಾದ ಮೇಲೂ ಎಲ್ಲವೂ ಬಡಿದರೆ ಆಯಿಲ್ ಮಟ್ಟ, ಪ್ರೆಷರ್ ನೋಡಿ. ಮಟ್ಟ ಹೆಚ್ಚಿದ್ದರೂ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಗಾಳಿ ಸೇರಿದ ಆಯಿಲ್ ಟ್ಯಾಪೆಟ್ ಬಾಡಿಯೊಳಗೆ ಜಾರುವ ಪ್ಲಂಜರನ್ನು ಎತ್ತಿಹಿಡಿಯದು. ಒಂದೇ ಬಡಿದರೆ ಅದರೊಳಗಿನ ಆಯಿಲ್ ವಾಪಸ್ ಹೋಗದಂತೆ ತಡೆಯುವ ಚೆಕ್ ವಾಲ್ವ್‌ನಲ್ಲಿ ಕಸವೋ ಅಂಟೋ ಇರಬಹುದು. ಸೀಮೆಎಣ್ಣೆಯಲ್ಲಿ ತೊಳೆಯಿರಿ, ಆದರೆ ಪ್ಲಂಜರ್-ಬಾಡಿ ಜೋಡಿ ಅದಲುಬದಲಾಗಬಾರದು.

ವಾಲ್ವ್ ಗ್ರೈಂಡ್ ಮಾಡಿಸಿದವರು ಮರೆಯುವುದೊಂದಿದೆ. ಈ ಸೈಡ್-ವಾಲ್ವ್ (ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವ) ಎಂಜಿನ್‌ನಲ್ಲಿ ವಾಲ್ವ್ ಸೀಟಿನೊಳಗೆ ಕೂತಷ್ಟೂ ಅದರ ಸ್ಟೆಮ್ (ಕಡ್ಡಿ) ಕೆಳಗಿಳಿದು ಪ್ಲಂಜರ್ ತಳ ಮುಟ್ಟುತ್ತದೆ. ವಾಲ್ವ್ ಪೂರ್ತಿ ಮುಚ್ಚದೆ ಸದ್ದಿಲ್ಲದೆ ಸುಡುತ್ತದೆ. ಅದಕ್ಕಿಂತ ಟಕಟಕ ಎಷ್ಟೋ ವಾಸಿ! ಆಯಿಲ್ ಖಾಲಿ ಮಾಡಿದ ಟ್ಯಾಪೆಟ್ ಹಾಕಿ, ಪ್ಲಂಜರ್ ಪೂರ್ತಿ ಒತ್ತಿ, ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) ಸ್ಟೆಮ್ಮಿಗೂ ಪ್ಲಂಜರಿಗೂ ನಡುವಿನ ಸಂದು ಅಳೆಯಿರಿ. ಮ್ಯಾನುಯಲ್‌ನಲ್ಲಿ ಕೊಟ್ಟದ್ದಕ್ಕಿಂತ ಕಮ್ಮಿ ಬಂದರೆ ಸ್ಟೆಮ್ಮಿನ ತುದಿ ಗ್ರೈಂಡ್ ಮಾಡಿಸಿ.