ಅಮ್ಮನಿಗೆ ಅಂತ ಕಟ್ಟಿಸುತ್ತಿದ್ದ ಅಟ್ಟ

ಮಂಗಳವಾರದಿಂದ ನನ್ನ ಕಿವಿಯಲ್ಲಿ ಒಂದೇ ಪ್ರಶ್ನೆ. "ರಾತ್ರಿ ಮೂರು ಗಂಟೆಗೆ ಕೆಳಗೆ ಬೆಂಕಿ ಹತ್ತಿಕೊಂಡರೆ, ಮೇಲೆ ಮಲಗಿದವರು ಯಾವ ದಾರಿಯಲ್ಲಿ ಹೊರಗೆ ಬರ್ತಾರೆ?"

ಕೇಳಿದವರು ಕಟ್ಟಡದ ಕೆಲಸ ನೋಡೋಕೆ ಬಂದ ಇಲ್ಲಿನ ಕೌನ್ಸಿಲ್ಲಿನ (ಸ್ಥಳೀಯ ಆಡಳಿತದ) ಬಿಲ್ಡಿಂಗ್ ಕಂಟ್ರೋಲ್ ಇನ್‌ಸ್ಪೆಕ್ಟರ್. ಐವತ್ತೈದರ ಆಸುಪಾಸಿನ ಮನುಷ್ಯ. ಬೂಟಿನ ಮೇಲೆ ನೀಲಿ ಕವರ್ ಹಾಕಿಕೊಂಡು ಒಳಗೆ ಬಂದರು. ಅಲ್ಲೇ ನನಗೆ ಅವರ ಮೇಲೆ ಗೌರವ ಹುಟ್ಟಿತು. ಮೆಟ್ಟಿಲಿನ ಬುಡದಲ್ಲಿ ನಿಂತು ಒಂದು ಸಲ ಮೇಲೆ ನೋಡಿದರು, ಒಂದು ಸಲ ನಮ್ಮ ಹಾಲ್ ನೋಡಿದರು. ಆಮೇಲೆ ಈ ಪ್ರಶ್ನೆ. ದನಿ ಏರಿಸಲಿಲ್ಲ.

ನಾನು ಮೆಟ್ಟಿಲು ತೋರಿಸಿದೆ. "ಇದೇ ದಾರಿ."

"ಇದು ಎಲ್ಲಿಗೆ ಬಂದು ಇಳಿಯುತ್ತೆ?"

ಹಾಲಿಗೆ. ಹಾಲಿನ ಆ ತುದಿಯಲ್ಲಿ ಅಡುಗೆಮನೆ. ನಡುವೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ನಮಗಿಂತ ಮುಂಚೆ ಇದ್ದವರು ಎಲ್ಲ ಒಡೆದು ವಿಶಾಲ ಮಾಡಿದ್ದರು. ಈ ಮನೆ ನಮಗೆ ಇಷ್ಟವಾಗಿದ್ದೇ ಅದಕ್ಕೆ.

"ಮೇಲೆ ಯಾರು ಮಲಗ್ತಾರೆ?"

"ನಮ್ಮಮ್ಮ. ಎಪ್ಪತ್ತೆರಡು ವರ್ಷ."

ಅವರು ಏನೂ ಹೇಳಲಿಲ್ಲ. ಬರೆದುಕೊಂಡರು. ಆ ಹೊತ್ತಿನ ಮೌನ ನನಗೆ ಇನ್ನೂ ಕಾಡುತ್ತಿದೆ.

ನಮ್ಮದು ಇಂಗ್ಲೆಂಡಿನ ಹಳೇ ಸಾಲುಮನೆ. ಎರಡೂ ಪಕ್ಕದ ಗೋಡೆಗಳು ನೆರೆಯವರ ಜೊತೆ ಹಂಚಿಕೊಂಡಿದ್ದು. ಮೇಲೆ ಎರಡು ಬೆಡ್‌ರೂಮು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಮಗಳು. ಅಮ್ಮ ಪ್ರತಿ ಸಲ ಬಂದಾಗಲೂ ಮಗಳ ರೂಮಿನ ನೆಲದ ಮೇಲೆ ಹಾಸಿಗೆ. ಈ ಸಲ ಹಾಗಾಗಬಾರದು ಅಂತ ಹೊರಟಿದ್ದೇ ಲಾಫ್ಟ್ ಕೆಲಸಕ್ಕೆ, ಅಂದರೆ ಚಾವಣಿ ಕೆಳಗಿನ ಅಟ್ಟವನ್ನೇ ರೂಮು ಮಾಡೋದಕ್ಕೆ.

ಬಿಲ್ಡರ್ ಮೊದಲ ದಿನವೇ ಹೇಳಿದ್ದ, "ಪ್ಲಾನಿಂಗ್ ಪರ್ಮಿಷನ್ ಬೇಕಾಗಿಲ್ಲ. ಎಲ್ಲ ಪರ್ಮಿಟೆಡ್ ಡೆವಲಪ್‌ಮೆಂಟ್ ಒಳಗೇ ಬರುತ್ತೆ." ಮಾತುಗಾರ. ಕೆಲಸಗಾರನೂ ಹೌದು, ಅದನ್ನು ಅಲ್ಲಗಳೆಯೋದಿಲ್ಲ. ಅವನು ಹೇಳಿದ್ದು ಸುಳ್ಳಲ್ಲ. ಕೆಲವು ಮಿತಿಯೊಳಗಿನ ಕೆಲಸಕ್ಕೆ ಪ್ಲಾನಿಂಗ್ ಅರ್ಜಿ ಹಾಕಬೇಕಾಗಿಲ್ಲ, ಅದಕ್ಕೇ ಆ ಹೆಸರು. ಸಾಲುಮನೆಗೆ ಚಾವಣಿಯಲ್ಲಿ 40 ಘನ ಮೀಟರ್ ತನಕ ಜಾಗ ಜಾಸ್ತಿ ಮಾಡಿಕೊಳ್ಳಬಹುದು. ಒಂಟಿ ಮನೆಗೂ ಜೋಡಿಮನೆಗೂ 50. ರಸ್ತೆ ಕಡೆಯ ಇಳಿಜಾರಿನಿಂದ ಏನೂ ಮುಂದೆ ಚಾಚಬಾರದು. ಇರೋ ಚಾವಣಿಯ ತುದಿಗಿಂತ ಎತ್ತರ ಹೋಗಬಾರದು. ಸೂರಿನ ಅಂಚಿನಿಂದ 20 ಸೆಂಟಿಮೀಟರ್ ಹಿಂದಕ್ಕಿರಬೇಕು. ಹೆಂಚು, ಗೋಡೆ ಎಲ್ಲ ಹಳೇ ಮನೆಯ ಹಾಗೇ ಕಾಣಬೇಕು. ಬಾಲ್ಕನಿ ಕೂಡದು. ಕನ್ಸರ್ವೇಷನ್ ಏರಿಯಾದಲ್ಲಿ, ಅಂದರೆ ಹಳೇ ಅಂದ ಕಾಪಾಡೋಕೆ ಅಂತ ಗುರುತಿಸಿದ ಜಾಗದಲ್ಲಿ, ಇದ್ದರೆ ಈ ಸಲೀಸು ಇಲ್ಲ. ನಮ್ಮ ಬೀದಿ ಅದರಲ್ಲಿಲ್ಲ. ಮುಂದೆ ಯಾರೂ ಕೇಳಬಾರದು ಅಂತ, ಈ ಕೆಲಸಕ್ಕೆ ಪ್ಲಾನಿಂಗ್ ಪರ್ಮಿಷನ್ ಬೇಕಿಲ್ಲ ಅನ್ನೋದಕ್ಕೆ ಕೌನ್ಸಿಲ್ ಕೊಡುವ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟನ್ನೂ ಮಾಡಿಸಿಕೊಂಡೆವು. ಆ ಕಾಗದ ಕೈಗೆ ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ.

ಆದರೆ ಈ ನಿಯಮಗಳನ್ನು ಇನ್ನೊಂದು ಸಲ ಓದಿ ನೋಡಿ. ಎಲ್ಲವೂ ಹೊರಗಿನಿಂದ ಮನೆ ಹೇಗೆ ಕಾಣುತ್ತೆ ಅನ್ನೋದರ ಬಗ್ಗೆ. ಬೀದಿಗೆ, ನೆರೆಯವರಿಗೆ ತೊಂದರೆ ಆಗಬಾರದು ಅನ್ನೋದರ ಬಗ್ಗೆ. ಒಳಗೆ ಮಲಗುವವರ ಬಗ್ಗೆ ಕೇಳೋದು ಬೇರೆಯದೇ ಕಾನೂನು, ಬಿಲ್ಡಿಂಗ್ ರೆಗ್ಯುಲೇಷನ್ಸ್. ಪ್ಲಾನಿಂಗ್ ಬೇಡದಿದ್ದರೂ ಇದು ಬೇಕೇ ಬೇಕು. ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೆವು. "ಪರ್ಮಿಷನ್ ಆಯ್ತು" ಅಂತ ಸ್ನೇಹಿತರಿಗೆಲ್ಲ ಹೇಳಿಕೊಂಡು ಓಡಾಡಿದ್ದೆವು. ಈ ಕಾನೂನಿಗೂ ಎರಡು ದಾರಿ ಇವೆ. ನಕ್ಷೆ ಪೂರ್ತಿ ಕೊಟ್ಟು ಕೆಲಸ ಶುರುವಾಗುವ ಮೊದಲೇ ಪರಿಶೀಲನೆ ಮಾಡಿಸೋದು ಒಂದು. ಸುಮ್ನೆ ಬಿಲ್ಡಿಂಗ್ ನೋಟಿಸ್ ಕೊಟ್ಟು ಕೆಲಸ ಶುರು ಮಾಡೋದು ಇನ್ನೊಂದು. ಬಿಲ್ಡರ್ ಎರಡನೆಯದನ್ನು ಆರಿಸಿದ್ದ. ಬೇಗ ಆಗುತ್ತೆ ಅಂದ. ಹಾಗಾಗಿ ತಪ್ಪು ಕಾಗದದ ಮೇಲೆ ಸಿಗಲಿಲ್ಲ. ಸೋಮವಾರ ಕೆಲಸ ಶುರುವಾಗಿ, ಮಂಗಳವಾರ ನನ್ನ ಮೆಟ್ಟಿಲಿನ ಬುಡದಲ್ಲಿ ಸಿಕ್ಕಿತು.

ಇನ್‌ಸ್ಪೆಕ್ಟರ್ ಮುಕ್ಕಾಲು ಗಂಟೆ ಇದ್ದರು. ಅಟ್ಟಕ್ಕೆ ಏಣಿ ಹತ್ತಿ, ಈಗಿರುವ ಜಂತಿಗಳನ್ನು ಕೈಯಲ್ಲಿ ಮುಟ್ಟಿ ತೋರಿಸಿದರು. ಅವು ಕೆಳಗಿನ ಸೀಲಿಂಗ್ ಹಿಡಿದುಕೊಳ್ಳೋಕೆ ಹಾಕಿದವು. ಮಂಚ, ಬೀರು, ಓಡಾಡೋ ಜನರ ಭಾರಕ್ಕಲ್ಲ. ಅದಕ್ಕೇ ಸ್ಟೀಲ್ ತೊಲೆ, ಹೊಸ ಜಂತಿ. ಆ ತೊಲೆಯ ತುದಿ ಕೂರೋದು ನೆರೆಯವರ ಜೊತೆ ಹಂಚಿಕೊಂಡ ಗೋಡೆಯಲ್ಲಿ. ಇದಕ್ಕೆ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ ಎರಡು ತಿಂಗಳು ಮುಂಚೆ ಅವರಿಗೆ ನೋಟಿಸ್ ಕೊಡಬೇಕು. ಹದಿನಾಲ್ಕು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಲ್ಲ ಅಂತಲೇ ಲೆಕ್ಕ, ಸರ್ವೇಯರ್ ಹಿಡಿಯಬೇಕು. ಇದನ್ನು ಮಾತ್ರ ನಾವು ಸರಿಯಾಗಿ ಮಾಡಿದ್ದೆವು. ಎಡಗಡೆ ಮನೆಯ ಅಜ್ಜಿ ಅದೇ ದಿನ ಸಹಿ ಹಾಕಿಕೊಟ್ಟರು. ಒಬ್ಬರೇ ಇರ್ತಾರೆ. "ನಿಮ್ಮಮ್ಮ ಬಂದರೆ ನನಗೂ ಜೊತೆಯಾಯ್ತು" ಅಂದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರೋದಿಲ್ಲ. ಆದರೂ ಹಿತ್ತಲಿನ ಬೇಲಿಯ ಹತ್ತಿರ ಗಂಟೆಗಟ್ಟಲೆ ನಿಂತಿರ್ತಾರೆ.

ಮೆಟ್ಟಿಲಿನ ಲೆಕ್ಕವನ್ನೂ ಹೇಳಿದರು. 42 ಡಿಗ್ರಿಗಿಂತ ಕಡಿದಾಗಿರಬಾರದು. ತಲೆಗೆ ಎರಡು ಮೀಟರ್ ಬೇಕು, ಲಾಫ್ಟ್ ಆದ್ದರಿಂದ ಮಧ್ಯದಲ್ಲಿ 1.9 ಇದ್ದರೂ ಒಪ್ಪುತ್ತಾರೆ. ಅದೆಲ್ಲ ನಮ್ಮಲ್ಲಿ ಸರಿ ಇತ್ತು. ಸರಿ ಇಲ್ಲದಿದ್ದದ್ದು ಆ ಒಂದು ದಾರಿ.

ಅವರು ಬಿಡಿಸಿ ಹೇಳಿದ್ದು ಹೀಗೆ. ಎರಡಂತಸ್ತಿನ ಮನೆಯಲ್ಲಿ ಮೇಲಿನ ಕಿಟಕಿಯಿಂದಾದರೂ ಪಾರಾಗಬಹುದು. ಲಾಫ್ಟ್ ಸೇರಿ ಮೂರಂತಸ್ತಾದಾಗ, ಮೇಲಿನ ನೆಲ ಹೊರಗಿನ ನೆಲದಿಂದ ನಾಲ್ಕೂವರೆ ಮೀಟರ್ ದಾಟಿದಾಗ, ಕಿಟಕಿಯನ್ನು ನಂಬುವ ಹಾಗಿಲ್ಲ. ಆಗ ಮೆಟ್ಟಿಲೇ ಕಾಪಾಡಬೇಕು. ಮೇಲಿನ ರೂಮಿನಿಂದ ಮುಂಬಾಗಿಲಿನ ತನಕ, ಅರ್ಧ ಗಂಟೆ ಬೆಂಕಿ ತಡೆಯುವ ಗೋಡೆಯ ನಡುವೆ ಇಳಿದು ಬರಬೇಕು. ಆ ದಾರಿಗೆ ತೆರೆದುಕೊಳ್ಳುವ ರೂಮುಗಳಿಗೆಲ್ಲ ಬೆಂಕಿ ತಡೆಯುವ ಬಾಗಿಲು. ಸಾಮಾನ್ಯವಾಗಿ ಹಾಕೋದು ಮೂವತ್ತು ನಿಮಿಷದ್ದು. ಪ್ರತಿ ಅಂತಸ್ತಿನಲ್ಲೂ ಹೊಗೆ ಅಲಾರಂ, ಕರೆಂಟಿನದ್ದು, ಒಂದು ಕೂಗಿದರೆ ಎಲ್ಲವೂ ಕೂಗಬೇಕು.

"ನಿಮ್ಮ ಮೆಟ್ಟಿಲು ಅಡುಗೆಮನೆಗೆ ಇಳಿದ ಹಾಗೇ ಇದೆ," ಅಂದರು. "ಹೊಗೆ ಮೊದಲು ಹತ್ತೋದೇ ಈ ಮೆಟ್ಟಿಲನ್ನು."

ಹೊಗೆ ಮೆಟ್ಟಿಲು ಹತ್ತುತ್ತೆ. ನಮ್ಮಮ್ಮ ಅದೇ ಮೆಟ್ಟಿಲು ಇಳಿಯಬೇಕು.

ಬಿಲ್ಡರ್ ಸಂಜೆ ಫೋನಿನಲ್ಲಿ, "ಅವರು ಹಾಗೇ, ಸ್ಟ್ರಿಕ್ಟು" ಅಂದ. ನನಗೆ ಸಿಟ್ಟು ಬಂತು. ಇಷ್ಟು ಲಾಫ್ಟ್ ಮಾಡಿದವನಿಗೆ ತೆರೆದ ಹಾಲ್ ಕಂಡ ಮೊದಲ ದಿನವೇ ಇದು ಹೊಳೆಯಬೇಕಿತ್ತು. ಸ್ನೇಹಿತರೊಬ್ಬರು ಇನ್ನೂ ಮುಂದೆ ಹೋಗಿ, "ಮನೆ ಮಾರುವಾಗ ತಾನೇ ಕಂಪ್ಲೀಷನ್ ಸರ್ಟಿಫಿಕೇಟ್ ಕೇಳೋದು, ಆಗ ನೋಡಿಕೊಂಡ್ರಾಯ್ತು" ಅಂದರು. ಕೆಲಸ ಬಿಲ್ಡಿಂಗ್ ರೆಗ್ಯುಲೇಷನ್ಸ್ ಪ್ರಕಾರ ಮುಗಿದಿದೆ ಅನ್ನೋ ಆ ಕಾಗದವನ್ನು ಮಾರುವಾಗ ವಕೀಲರು ಕೇಳ್ತಾರೆ, ನಿಜ. ಆದರೆ ಅಷ್ಟು ದಿನ ಅಲ್ಲಿ ಒಂದು ಜೀವ ಮಲಗಿರುತ್ತೆ ಅಲ್ವಾ?

ಬೇರೆಯವರ ಮೇಲೆ ಸಿಟ್ಟು ಮಾಡಿಕೊಳ್ಳೋದು ಸುಲಭ. ಬುಧವಾರ ರಾತ್ರಿ ನಿದ್ದೆ ಬರಲಿಲ್ಲ. ಆ ಪ್ರಶ್ನೆಯನ್ನು ನಾನೇ ಯಾಕೆ ಕೇಳಿಕೊಳ್ಳಲಿಲ್ಲ ಅಂತ ಯೋಚಿಸಿದೆ. ಕಿಟಕಿ ಎಲ್ಲಿ ಬರಬೇಕು, ಗೋಡೆಗೆ ಯಾವ ಬಣ್ಣ ಅಂತ ತಿಂಗಳುಗಟ್ಟಲೆ ಮಾತಾಡಿದ್ದೇವೆ. ಮಂಡಿನೋವಿರುವ ಅಮ್ಮ ರಾತ್ರಿ ಬಾತ್‌ರೂಮಿಗೆ ಅಂತ ಒಂದಂತಸ್ತು ಇಳಿದು ಹತ್ತಬೇಕಲ್ಲ ಅನ್ನೋ ಮಾತು ಒಂದು ಸಲವೂ ಬಂದಿಲ್ಲ. ಬೆಂಕಿಯ ಮಾತಂತೂ ದೂರ.

ನಮ್ಮ ಊರಿನ ಮನೆಯಲ್ಲೂ ಅಟ್ಟ ಇತ್ತು. ಏಣಿ ಇಟ್ಟು ಹತ್ತೋದು. ಹಳೇ ಹಂಡೆ, ಮುರಿದ ತೊಟ್ಟಿಲು, ಮದುವೆ ಮನೆಯ ದೊಡ್ಡ ಪಾತ್ರೆಗಳು. ಬೇಕು, ಆದರೆ ದಿನಾ ಬೇಡ ಅನ್ನುವುದೆಲ್ಲ ಅಲ್ಲಿಗೆ ಹೋಗ್ತಿತ್ತು. ಇದು ನೆನಪಾದಾಗ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯ್ತು. "ಅಮ್ಮನಿಗೆ ಒಳ್ಳೆ ಬೆಳಕಿರೋ ರೂಮು" ಅಂತ ನಾವು ಹೇಳಿಕೊಂಡಿದ್ದು ಸುಳ್ಳಲ್ಲ. ಆದರೆ ಮನೆಯಲ್ಲಿ ಉಳಿದ ಜಾಗ ಅದೊಂದೇ ಆಗಿತ್ತು ಅನ್ನೋದೂ ನಿಜ. ಅಮ್ಮನನ್ನು ಕೇಳಿದಾಗ ಅವಳು ಯಾವಾಗಲೂ ಹೇಳೋದನ್ನೇ ಹೇಳಿದ್ದಳು, "ನನಗೇನು, ಒಂದು ಮೂಲೆ ಸಾಕು." ಅಮ್ಮಂದಿರು ಹಾಗೆ ಹೇಳ್ತಾರೆ. ನಾವು ಅದನ್ನು ನಂಬಿಬಿಡ್ತೀವಿ. ನಂಬೋದು ನಮಗೆ ಅನುಕೂಲ.

ಗುರುವಾರ ನಮ್ಮ ಯಜಮಾನರು ನೆಲದ ಮೇಲೆ ಬಿಳಿ ಟೇಪ್ ಅಂಟಿಸಿದರು. ಮೆಟ್ಟಿಲಿನ ಬುಡದಿಂದ ಮುಂಬಾಗಿಲಿನ ತನಕ. ಅಲ್ಲಿ ಗೋಡೆ ಏಳುತ್ತೆ. ಹಾಲಿನಲ್ಲಿ ಒಂದು ಮೀಟರಿನಷ್ಟು ಅಗಲ ಹೋಗುತ್ತೆ, ಸೋಫಾ ಇರೋದಿಲ್ಲ. ಸಂಜೆ ಅಮ್ಮ ವಿಡಿಯೋ ಕಾಲ್‌ನಲ್ಲಿದ್ದಳು.

"ಅದೇನೇ ಗೆರೆ, ಹಾಲಿನಲ್ಲಿ?"

"ಗೋಡೆ ಬರುತ್ತಮ್ಮ. ಬೆಂಕಿಗಿಂಕಿ ಬಿದ್ದರೆ ಮೇಲಿಂದ ಇಳಿದು ಬರೋರಿಗೆ ದಾರಿ."

"ಹಾಲ್ ಚಿಕ್ಕದಾಗಲ್ವಾ?"

"ಆಗುತ್ತೆ. ಪರವಾಗಿಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ನೀವು ಇಷ್ಟೆಲ್ಲ ಖರ್ಚು ಮಾಡ್ತಿದ್ದೀರಿ, ಹೇಗೆ ಹೇಳೋದು ಅಂತ ಸುಮ್ನಿದ್ದೆ. ನಾನು ಮಗುವಿನ ರೂಮಿನಲ್ಲಿ ಮಲಗ್ತೀನಿ ಕಣೇ, ಅವಳು ಮೇಲಕ್ಕೆ ಹೋಗಲಿ. ಅಷ್ಟು ಮೆಟ್ಟಿಲು ನನ್ನ ಕೈಲಾಗಲ್ಲ."

ನೆಲದ ಮೇಲೆ ಓದುತ್ತಾ ಕೂತಿದ್ದ ಮಗಳು ಪುಸ್ತಕ ಬಿಟ್ಟು ಎದ್ದಳು. ಮೇಲಿನ ರೂಮು ಅವಳದ್ದಾಯಿತು. ಗೋಡೆ ಬರುತ್ತೆ, ಹಾಲ್ ಚಿಕ್ಕದಾಗುತ್ತೆ, ಅದರಲ್ಲಿ ಬದಲಾವಣೆ ಇಲ್ಲ. ನಿನ್ನೆ ಬಾಗಿಲುಗಳಿಗೆ ಆರ್ಡರ್ ಕೊಟ್ಟೆವು. ಅಮ್ಮನ ರೂಮಿನ ಬಾಗಿಲಿಗೆ ಮಾತ್ರ ಉದ್ದ ಹಿಡಿಕೆ ಹೇಳಿದ್ದೇನೆ. ಈ ಬಾಗಿಲು ಭಾರ ಜಾಸ್ತಿ, ಅವಳಿಗೆ ಹಿಡಿದು ಎಳೆಯೋಕೆ ಸಲೀಸಾಗಲಿ ಅಂತ.